ನಿಮ್ಮ ಪತ್ತು, ಅಳಿಯನ ಕಾರ್ಡು

ಸೇಡಂ ಬಜಾರಿನಲ್ಲಾಗಲಿ ಚಿತ್ತಾಪುರದಲ್ಲಾಗಲಿ ಒಂದು ಸುತ್ತು ಹಾಕಿದರೆ 'ಪತ್ತಿನ ಸಹಕಾರ ಸಂಘ' ಎಂಬ ಬೋರ್ಡು ಒಂದಾದರೂ ಕಣ್ಣಿಗೆ ಬೀಳುತ್ತದೆ. ಈ 'ಪತ್ತು' ಎಂಬ ಮಾತಿಗೆ ಹಣ ಎಂಬ ಅರ್ಥವೂ ಇಲ್ಲ, ಸಾಲ ಎಂಬ ಅರ್ಥವೂ ಇಲ್ಲ. ಕೊಟ್ಟದ್ದು ತಿರುಗಿ ಬರುತ್ತದೆ ಎಂದು ಎದುರಿನವನು ನಮ್ಮ ಮೇಲೆ ಇಡುವ ನಂಬಿಕೆಗೆ ಪತ್ತು ಎನ್ನುತ್ತಾರೆ. ಹಿಂದೆ ಇದನ್ನು ಅಡತಿ ಅಂಗಡಿಯವನು ಮನಸ್ಸಿನಲ್ಲೇ ಬರೆದಿಟ್ಟುಕೊಳ್ಳುತ್ತಿದ್ದ. ಯಾರ ಹೊಲ ಎಷ್ಟು, ಯಾರ ಮಾತು ಎಂಥದ್ದು, ಹೋದ ವರ್ಷದ ಉದ್ರಿ ಯಾರು ತೀರಿಸಿದರು ಎಂಬುದೆಲ್ಲ ಅವನಿಗೆ ಬಾಯಿಪಾಠ. ಈಗ ಅದೇ ನಂಬಿಕೆ ಮೂರು ಅಂಕಿಯ ಒಂದು ಸಂಖ್ಯೆಯಾಗಿದೆ. 300ರಿಂದ 900ರ ನಡುವೆ ಎಲ್ಲೋ ಒಂದು ಕಡೆ ನಾವು ನಿಂತಿರುತ್ತೇವೆ. ಜನ ಅದನ್ನು 'ಸಿಬಿಲ್' ಎನ್ನುತ್ತಾರೆ. 'ಅವನ ಸಿಬಿಲ್ ಹೋಗ್ಯಾದ' ಎಂಬ ಮಾತು ಈಗ ಚಹದ ಅಂಗಡಿಯಲ್ಲೂ ಕೇಳಿಬರುತ್ತದೆ.

ಸಿಬಿಲ್ ಹೋದವರು ಏನು ಮಾಡಬೇಕು? ಇತ್ತೀಚೆಗೆ ಶಾಲೆಗಳ ಸ್ಟಾಫ್ ರೂಮಿನಲ್ಲಿ, ವಾಡಿಯ ಸಿಮೆಂಟ್ ಕಾರ್ಖಾನೆಯ ಕ್ವಾರ್ಟರ್ಸುಗಳಲ್ಲಿ ಹೊಸದೊಂದು ಬೇಡಿಕೆ ಕೇಳಿಬರುತ್ತಿದೆ. ತಂಗಿಯ ಮಗನೋ ಹೆಂಡತಿಯ ತಮ್ಮನೋ ಬಂದು ಕೂಡುತ್ತಾನೆ. ಚಹ ಕುಡಿದ ಮೇಲೆ ಮಾತು ತೆಗೆಯುತ್ತಾನೆ. "ಮಾಮಾ, ನಿಮ್ಮ ಕ್ರೆಡಿಟ್ ಕಾರ್ಡಿನ ಮ್ಯಾಲ ನನಗೊಂದು ಆಡ್-ಆನ್ ಕಾರ್ಡು ತಗಿಸಿ ಕೊಡ್ರಿ. ರೊಕ್ಕ ಏನೂ ಬ್ಯಾಡ್ರಿ. ನಿಮ್ಮ ಹೆಸರಿನ ಜೋಡಿ ನನ್ನ ಹೆಸರು ಇದ್ದರ ನನ್ನ ಸಿಬಿಲ್ ಏರ್ತದ ಅಂತ ವಿಡಿಯೊದಾಗ ಹೇಳ್ಯಾರ."

ರೊಕ್ಕ ಕೇಳಿದರೆ ಇಲ್ಲ ಎನ್ನಬಹುದು. ಬರೀ ಹೆಸರು ಕೇಳಿದರೆ ಇಲ್ಲ ಎನ್ನುವುದು ಹೇಗೆ? ಇದೇ ಈ ಬೇಡಿಕೆಯ ಬಲ.

ಹೀಗೆ ಕೇಳುವ ಹುಡುಗರೆಲ್ಲ ದುಂದುಗಾರರು ಎಂದು ತಿಳಿಯಬೇಕಿಲ್ಲ. ನಮ್ಮ ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ ಸೀಮೆಯಲ್ಲಿ ಒಂದು ಮನೆತನಕ್ಕೆ ತಿಂಗಳ ಸಂಬಳದವರು ಒಬ್ಬರೋ ಇಬ್ಬರೋ. ಉಳಿದವರು ತೊಗರಿಯನ್ನೋ ಹೆಸರು, ಉದ್ದನ್ನೋ ನಂಬಿದವರು, ಇಲ್ಲವೆ ಶಹಾಬಾದಿನ ಕಲ್ಲಿನ ಖಣಿಯಲ್ಲಿ, ಪಾಲಿಶ್ ಮಾಡುವ ಕಡೆ ದುಡಿಯುವವರು. ತೊಗರಿಯ ರಾಶಿ ವರ್ಷಕ್ಕೊಮ್ಮೆ, ಡಿಸೆಂಬರ್-ಜನವರಿಯಲ್ಲಿ. ಮೋಟಾರ್ ಸೈಕಲ್ಲಿನ ಕಂತು ಮಾತ್ರ ತಿಂಗಳು ತಿಂಗಳು ಬರುತ್ತದೆ. 2022ರಲ್ಲಿ ನೆಟೆ ರೋಗ ಬಂದು ನಿಂತ ತೊಗರಿ ನಿಂತಲ್ಲೇ ಒಣಗಿತು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಹೊಲದಿಂದ ವರ್ಷಕ್ಕೊಮ್ಮೆ ಬರುವ ದುಡ್ಡು ಎರಡು ವರ್ಷ ಬಾರದೇ ಹೋದರೆ ಇಪ್ಪತ್ತನಾಲ್ಕು ಕಂತುಗಳು ತಪ್ಪಬಹುದು. ಅಡತಿಯವನು ಹೊಲದ ಬದುವಿನ ಮೇಲೆ ನಿಂತು ಇದನ್ನು ಕಣ್ಣಾರೆ ನೋಡುತ್ತಿದ್ದ. ಮುಂಬೈಯ ಕಂಪ್ಯೂಟರಿಗೆ ನೆಟೆ ರೋಗ ಕಾಣುವುದಿಲ್ಲ, ಕಂತು ತಪ್ಪಿದ್ದಷ್ಟೇ ಕಾಣುತ್ತದೆ.

ಹೀಗಾಗಿ ಅಳಿಯನಿಗೆ ನೆರವು ಬೇಕು ಎಂಬುದರಲ್ಲಿ ತಕರಾರಿಲ್ಲ. ಆಡ್-ಆನ್ ಕಾರ್ಡಿನಿಂದ ಆ ನೆರವು ಆಗುತ್ತದೆಯೇ ಎಂಬುದನ್ನಷ್ಟೇ ನೋಡೋಣ.

ಮೊದಲು ಕಾರ್ಡಿನ ಸಂಗತಿ. ಆಡ್-ಆನ್ ಕಾರ್ಡು ಎಂದರೆ ನಿಮ್ಮ ಲೆಕ್ಕಕ್ಕೇ ಇನ್ನೊಂದು ಬಾಗಿಲು ತೆಗೆದಂತೆ. ಕಾರ್ಡಿನ ಮೇಲೆ ಹೆಸರು ಅವನದಿದ್ದರೂ ಮಿತಿ ನಿಮ್ಮದೇ, ಬಿಲ್ಲು ನಿಮ್ಮದೇ. ಇಂಥ ಕಾರ್ಡಿನ ಸಂಪೂರ್ಣ ಹೊಣೆ ಮುಖ್ಯ ಕಾರ್ಡುದಾರನದು ಎಂದು ರಿಸರ್ವ್ ಬ್ಯಾಂಕಿನ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಬ್ಯಾಂಕು ಅಳಿಯನ ಸಿಬಿಲ್ಲನ್ನು ಕೆದಕಲು ಹೋಗದಿರುವುದು ಉದಾರತೆಯಿಂದಲ್ಲ. ವಸೂಲಿಗೆ ಅವನ ಮನೆಗೆ ಹೋಗುವ ಪ್ರಸಂಗವೇ ಅದಕ್ಕೆ ಇಲ್ಲ.

ಇನ್ನು ಅವನ ಸಿಬಿಲ್ ಏರುವ ವಿಚಾರ. ಸಿಬಿಲ್ ವರದಿಯಲ್ಲಿ ಪ್ರತಿ ಸಾಲದ ಎದುರಿಗೆ ಅದು ಯಾವ ಬಗೆಯ ಲೆಕ್ಕ ಎಂಬ ಖಾನೆ ಇರುತ್ತದೆ. ಸ್ವಂತದ್ದೋ, ಜಂಟಿಯೋ, ಜಾಮೀನೋ, ಇಲ್ಲವೆ ಅಧಿಕೃತ ಬಳಕೆದಾರನದ್ದೋ ಎಂದು ಅಲ್ಲಿ ನಮೂದಾಗುತ್ತದೆ. ಈ ಕೊನೆಯ ಖಾನೆ ಕಾಗದದಲ್ಲಿ ಇರುವುದು ನಿಜ. ಆದರೆ ನಮ್ಮ ಬ್ಯಾಂಕುಗಳು ಸಾಮಾನ್ಯವಾಗಿ ಆಡ್-ಆನ್ ಕಾರ್ಡಿನ ವ್ಯವಹಾರವನ್ನೆಲ್ಲ ಮುಖ್ಯ ಕಾರ್ಡುದಾರನ ಲೆಕ್ಕದಲ್ಲೇ ವರದಿ ಮಾಡುತ್ತವೆ. ಅಳಿಯ ವರ್ಷವಿಡೀ ಶಿಸ್ತಿನಿಂದ ಖರ್ಚು ಮಾಡಿ ನಿಮ್ಮ ಕೈಗೆ ಸರಿಯಾಗಿ ದುಡ್ಡು ತಂದುಕೊಟ್ಟರೆ ಹೆಸರು ಬರುವುದು ನಿಮಗೆ. ಅವನು ಕೊಡದೇ ಹೋದರೆ ಹೆಸರು ಕೆಡುವುದೂ ನಿಮಗೇ. ಹೆಂಡತಿಗೆ ಆಡ್-ಆನ್ ಕಾರ್ಡು ಮಾಡಿಸಿಕೊಟ್ಟು, ಆಕೆಗೂ ಬ್ಯಾಂಕಿನಲ್ಲಿ ಹೆಸರಾಯಿತೆಂದು ತಿಳಿದವರು ಬಹಳ ಮಂದಿ ಇದ್ದಾರೆ. ಅವರಿಗೂ ಈ ಮಾತು ಅನ್ವಯಿಸುತ್ತದೆ.

ಹಾಗಾದರೆ ವಿಡಿಯೊದವರು ಸುಳ್ಳು ಹೇಳುತ್ತಾರೆಯೇ? ಪೂರಾ ಸುಳ್ಳಲ್ಲ. ಅದು ಅಮೆರಿಕದ ಮಾತು. ಅಲ್ಲಿ ಒಂದು ಕಾಲಕ್ಕೆ ಮದುವೆಯಾದ ಹೆಂಗಸರಿಗೆ ಸ್ವಂತ ಪತ್ತು ಎಂಬುದೇ ಇರಲಿಲ್ಲ. ಮನೆಯ ಖಾತೆಯೆಲ್ಲ ಗಂಡನ ಹೆಸರಿನಲ್ಲಿ. ಗಂಡ ಸತ್ತರೆ, ಇಲ್ಲವೆ ಬಿಟ್ಟುಹೋದರೆ, ಇಪ್ಪತ್ತು ವರ್ಷ ಸರಿಯಾಗಿ ಬಿಲ್ಲು ಕಟ್ಟಿದ ಹೆಂಗಸೂ ಬ್ಯಾಂಕಿನ ಎದುರು ಅನಾಮಿಕಳೇ. ಇದನ್ನು ಸರಿಪಡಿಸಲು 1974ರಲ್ಲಿ ಸಮಾನ ಸಾಲಾವಕಾಶದ ಕಾಯ್ದೆ ಬಂತು. ಗಂಡ ಹೆಂಡತಿ ಇಬ್ಬರೂ ಬಳಸುವ ಖಾತೆಯ ಚರಿತ್ರೆಯನ್ನು ಇಬ್ಬರ ಹೆಸರಿನಲ್ಲೂ ವರದಿ ಮಾಡಬೇಕೆಂದು ಅದರ ಕೆಳಗೆ ನಿಯಮವಾಯಿತು. ಅಲ್ಲಿಂದ ಬೆಳೆದ ರೂಢಿಯಲ್ಲಿ ಮಕ್ಕಳೂ ಬಂಧುಗಳೂ ಬೇರೊಬ್ಬರ ಕಾರ್ಡಿಗೆ 'ಅಧಿಕೃತ ಬಳಕೆದಾರ'ರಾಗಿ ಸೇರಿ ಅಂಕ ಏರಿಸಿಕೊಳ್ಳುವುದು ಶುರುವಾಯಿತು. ಒಳ್ಳೆಯದಕ್ಕೆ ತೆಗೆದ ಬಾಗಿಲಿನಲ್ಲಿ ವ್ಯಾಪಾರಸ್ಥರು ನುಗ್ಗದೆ ಇರುತ್ತಾರೆಯೇ? ಗುರುತು ಪರಿಚಯವಿಲ್ಲದವರ ಹಳೆಯ ಕಾರ್ಡಿನಲ್ಲಿ ದುಡ್ಡಿಗೆ ಜಾಗ ಮಾರುವ ದಂಧೆ ಹುಟ್ಟಿತು. ಅಂಕ ಲೆಕ್ಕ ಹಾಕುವ ಫೈಕೋ ಕಂಪನಿ 2007ರಲ್ಲಿ ಇಂಥ ಹೆಸರುಗಳನ್ನು ಲೆಕ್ಕದಿಂದಲೇ ಕೈಬಿಡುವುದಾಗಿ ಸಾರಿತು. ನಿಜವಾದ ಗಂಡ ಹೆಂಡಿರಿಗೆ ಅನ್ಯಾಯವಾಗುತ್ತದೆ ಎಂದು ಆಕ್ಷೇಪ ಬಂದ ಮೇಲೆ 2008ರಲ್ಲಿ ಹಿಂದೆ ಸರಿದು, ನಿಜವಾದ ಸಂಬಂಧವನ್ನೂ ಬಾಡಿಗೆಯ ಸಂಬಂಧವನ್ನೂ ಬೇರ್ಪಡಿಸುವ ಸೂತ್ರ ತಂದಿತು. ಆ ಊರಿನ ಔಷಧಿ ಆ ಊರಿನ ರೋಗಕ್ಕೆ. ನಮ್ಮ ಹುಡುಗರು ಮೊಬೈಲಿನಲ್ಲಿ ಅದನ್ನು ನೋಡಿ ಚಿತ್ತಾಪುರದ ಮಾಮನ ಹತ್ತಿರ ಬರುತ್ತಾರೆ, ಅಷ್ಟೆ.

ನಮ್ಮ ಕಡೆ ಹೆಸರು ಕೊಡುವ ಹಳೆಯ ರೀತಿ ಎಂದರೆ ಜಾಮೀನು. ಸಂಬಳದವರ ಸಹಿಗೆ ಬೇಡಿಕೆ ಇದ್ದೇ ಇದೆ, ಅದರಲ್ಲೂ ಮಾಸ್ತರರ ಸಹಿಗೆ. "ಸುಮ್ಮ ಒಂದು ಸಹಿ ಹಾಕ್ರಿ ಸರ, ಅವರು ನಿಮ್ಮ ತನಕ ಬರೂದಿಲ್ಲ" ಎನ್ನುತ್ತಾರೆ. ಬರುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಮೊದಲು ಸಾಲಗಾರನ ಆಸ್ತಿ ಹರಾಜು ಹಾಕಿ, ಸಾಲದಿದ್ದರೆ ನಮ್ಮ ಹತ್ತಿರ ಬನ್ನಿ ಎನ್ನುವ ವಾದ ನಡೆಯುವುದಿಲ್ಲ. ಬ್ಯಾಂಕ್ ಆಫ್ ಬಿಹಾರ್ ವಿರುದ್ಧ ದಾಮೋದರ ಪ್ರಸಾದ್ ಪ್ರಕರಣದಲ್ಲಿ ಕೆಳಗಿನ ಕೋರ್ಟು ಹಾಗೊಂದು ಷರತ್ತು ಹಾಕಿತ್ತು. 1968ರಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. ಸಾಲಗಾರನ ಬೆನ್ನು ಹತ್ತಿ ಸುಸ್ತಾದ ಮೇಲೆಯೇ ಜಾಮೀನುದಾರನನ್ನು ಹಿಡಿಯಬೇಕು ಎಂದಾದರೆ ಜಾಮೀನಿಗೆ ಅರ್ಥವೇ ಉಳಿಯುವುದಿಲ್ಲ ಎಂಬುದು ಆ ತೀರ್ಪಿನ ಸಾರ. ಡಿಕ್ರಿಯಾದರೆ ಸಂಬಳಕ್ಕೂ ಕೈ ಬೀಳುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಮೊದಲ ಒಂದು ಸಾವಿರ ರೂಪಾಯಿಯನ್ನೂ ಉಳಿದದ್ದರ ಮೂರರಲ್ಲಿ ಎರಡು ಪಾಲನ್ನೂ ಮುಟ್ಟುವಂತಿಲ್ಲ. ಅಂದರೆ 40,000 ರೂಪಾಯಿ ಸಂಬಳದಲ್ಲಿ ತಿಂಗಳಿಗೆ 13,000 ರೂಪಾಯಿ ಹೋಗಬಹುದು.

ಜಾಮೀನು ಇಷ್ಟು ಕಠಿಣವಾದದ್ದು. ಆದರೂ ಆಡ್-ಆನ್ ಕಾರ್ಡಿಗೆ ಹೋಲಿಸಿದರೆ ಅದೇ ವಾಸಿ ಎಂದು ನನ್ನ ಅಭಿಪ್ರಾಯ. ಜಾಮೀನಿನಲ್ಲಿ ಸಾಲ ಅವನದು, ಹೊಣೆ ನಿಮ್ಮದೂ ಹೌದು. ಎಷ್ಟಕ್ಕೆ ಸಹಿ ಹಾಕುತ್ತಿದ್ದೇನೆ ಎಂಬುದು ಸಹಿ ಹಾಕುವ ದಿನವೇ ಗೊತ್ತಿರುತ್ತದೆ. ನೀವು ಕಟ್ಟಬೇಕಾಗಿ ಬಂದರೆ ಅಷ್ಟನ್ನೂ ಅವನಿಂದ ವಸೂಲು ಮಾಡುವ ಹಕ್ಕನ್ನು ಅದೇ ಕರಾರು ಕಾಯ್ದೆ ನಿಮಗೆ ಕೊಟ್ಟಿದೆ. ಆಡ್-ಆನ್ ಕಾರ್ಡಿನಲ್ಲಿ ಸಾಲವೇ ನಿಮ್ಮದು. ಬ್ಯಾಂಕಿನ ಪುಸ್ತಕದಲ್ಲಿ ಅಳಿಯ ಸಾಲಗಾರನೇ ಅಲ್ಲ. ಅವನೂ ನೀವೂ ಚಹದ ಬಟ್ಟಲಿನ ಎದುರು ಆಡಿಕೊಂಡ ಮಾತಿಗೆ ಕಾಗದವೂ ಇರುವುದಿಲ್ಲ, ಸಾಕ್ಷಿಯೂ ಇರುವುದಿಲ್ಲ.

ಅಂದಮೇಲೆ ಹೆಸರಿಗೆ ಹೆಸರು ಸೇರಿಸಿ ಸಾಲ ಎತ್ತುವುದೇ ತಪ್ಪೆ? ಹಾಗೇನಿಲ್ಲ. ನಮ್ಮ ರಾಜ್ಯದ ಸಹಕಾರ ಚಳವಳಿ ನಿಂತದ್ದೇ ಅದರ ಮೇಲೆ. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ. ಅದರ ಹಿಂದಿದ್ದದ್ದು 1904ರ ಕಾಯ್ದೆ. ಹಳ್ಳಿಯ ಸಂಘಗಳಿಗೆ ಆ ಕಾಯ್ದೆ ಇಟ್ಟ ತತ್ತ್ವ ಅಪರಿಮಿತ ಹೊಣೆಗಾರಿಕೆಯದು. ಒಬ್ಬ ತೀರಿಸದಿದ್ದರೆ ಉಳಿದ ಸದಸ್ಯರೆಲ್ಲರೂ ಹೊಣೆ. ಕೇಳಿದರೆ ಎದೆ ನಡುಗುವಂಥ ಷರತ್ತು. ಆದರೆ ಅಲ್ಲಿ ಎಲ್ಲರೂ ಒಂದೇ ಊರಿನವರು. ಎತ್ತಿಗೆಂದು ಸಾಲ ಪಡೆದವನ ಕೊಟ್ಟಿಗೆಯಲ್ಲಿ ಎತ್ತು ಬಂದಿದೆಯೋ ಇಲ್ಲವೋ ಎಂದು ಮರುದಿನವೇ ಎಲ್ಲರಿಗೂ ಗೊತ್ತಾಗುತ್ತಿತ್ತು. ಹೊಣೆ ಹೊತ್ತವನಿಗೆ ನೋಡುವ ಕಣ್ಣೂ ಇತ್ತು, ಕೇಳುವ ಬಾಯೂ ಇತ್ತು. ಕಾರ್ಡಿನಲ್ಲಿ ಹೊಣೆ ಮಾತ್ರ ಇದೆ. ಅಳಿಯ ಹೈದರಾಬಾದಿನಲ್ಲಿ ಯಾವ ಅಂಗಡಿಗೆ ಹೋದ ಎಂಬುದು ನಿಮಗೆ ಮೊಬೈಲಿನ ಸಂದೇಶದಲ್ಲಿ ತಿಳಿಯುತ್ತದೆ. ತಿಳಿಯುವ ಹೊತ್ತಿಗೆ ಸಾಮಾನು ಮನೆ ಸೇರಿರುತ್ತದೆ.

ಸ್ವಲ್ಪ ಲೆಕ್ಕವನ್ನೂ ನೋಡಿಬಿಡೋಣ, ಹೇಗೂ ನಾನು ಮಾಸ್ತರ. ಅಳಿಯ 50,000 ರೂಪಾಯಿ ಖರ್ಚು ಮಾಡಿದ, ಕೊಡಲಿಲ್ಲ ಎಂದಿಟ್ಟುಕೊಳ್ಳಿ. ನಿಮ್ಮ ಕೈಯಲ್ಲೂ ಆ ತಿಂಗಳು ಅಷ್ಟು ಇಲ್ಲ. ಬಿಲ್ಲಿನಲ್ಲಿ 'ಕನಿಷ್ಠ ಪಾವತಿ' ಎಂದು ನೂರಕ್ಕೆ 5ರಂತೆ 2,500 ರೂಪಾಯಿ ತೋರಿಸಿರುತ್ತಾರೆ. ಅದನ್ನು ಕಟ್ಟಿ ನಿರಾಳವಾಗುತ್ತೀರಿ. ಬಡ್ಡಿ ಅನೇಕ ಕಾರ್ಡುಗಳಲ್ಲಿ ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿಯ ಆಸುಪಾಸು ಇರುತ್ತದೆ. ಅಂದರೆ 1,750 ರೂಪಾಯಿ. ಆ ಬಡ್ಡಿಯ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ 315 ರೂಪಾಯಿ. ಕಟ್ಟಿದ 2,500ರಲ್ಲಿ ಅಸಲಿಗೆ ಹೋದದ್ದು 435 ರೂಪಾಯಿ! ಊರಿನಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿಯವನನ್ನು ಕಂಡರೆ ದಾರಿ ಬದಲಿಸುವ ನಾವು, ಕಾರ್ಡಿನ ಮೂರೂವರೆಯನ್ನು ಕಿಸೆಯಲ್ಲೇ ಇಟ್ಟುಕೊಂಡು ತಿರುಗುತ್ತೇವೆ. ವರ್ಷಕ್ಕೆ ನೂರಕ್ಕೆ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕರ ಆಯೋಗ 2008ರಲ್ಲಿ ಹೇಳಿತ್ತು. ಆ ಆದೇಶವನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ರದ್ದು ಮಾಡಿತು.

ಇನ್ನೊಂದು ಸೂಕ್ಷ್ಮವಿದೆ. ಹಿಂದಿನ ಬಾಕಿ ಪೂರ್ತಿ ತೀರುವವರೆಗೆ ಹೊಸ ಖರೀದಿಗಳಿಗೆ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ. ಅಳಿಯನ ಬಾಕಿ ಉಳಿದರೆ ನೀವು ತಂದ ಮನೆಯ ಕಿರಾಣಿಗೂ ತಂದ ದಿನದಿಂದಲೇ ಬಡ್ಡಿ. ಅವನೇನಾದರೂ ಎಟಿಎಂನಲ್ಲಿ ನಗದು ಎತ್ತಿದರೆ ಅದಕ್ಕೆ ಶುಲ್ಕ ಬೇರೆ, ಬಡ್ಡಿ ಅದೇ ದಿನದಿಂದ. ಕೊನೆಯ ದಿನ ದಾಟಿ ಮೂರು ದಿನಕ್ಕಿಂತ ಹೆಚ್ಚಾದರೆ ಬ್ಯಾಂಕು ನಿಮ್ಮ ಹೆಸರನ್ನು ಬಾಕಿದಾರನೆಂದು ವರದಿ ಮಾಡಬಹುದು. ಬಾಕಿ ಇಲ್ಲದಿದ್ದರೂ ಮಿತಿಯ ಬಹುಭಾಗ ಪ್ರತಿ ತಿಂಗಳು ಖರ್ಚಾಗುತ್ತಿದ್ದರೆ ಅಂಕ ಇಳಿಯುತ್ತದೆ. ಮಿತಿಯ ನೂರಕ್ಕೆ 30ರೊಳಗೆ ಇರಬೇಕೆಂದು ತಿಳಿದವರು ಹೇಳುತ್ತಾರೆ. ಮಗಳ ಓದಿಗೆ, ಮನೆ ಕಟ್ಟಲು ನಾಳೆ ಸಾಲಕ್ಕೆ ಹೋಗುವವರು ನೀವು. ಆಗ ಬ್ಯಾಂಕಿನವರು ನೋಡುವುದು ನಿಮ್ಮ ಅಂಕವನ್ನು. ಅಳಿಯನ ಕತೆ ಅಲ್ಲಿ ಯಾರೂ ಕೇಳುವುದಿಲ್ಲ.

ಸರಿ, ತಂಗಿಯ ಮುಖ ನೋಡಿ ಏನಾದರೂ ಮಾಡಲೇಬೇಕು. ಆಗ ಮೊದಲ ಕೆಲಸ ಅಳಿಯನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಅವನ ಸಿಬಿಲ್ ವರದಿ ತೆಗೆಯುವುದು. ದೇಶದಲ್ಲಿ ಇಂಥ ನಾಲ್ಕು ಸಂಸ್ಥೆಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈಮಾರ್ಕ್. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ವರದಿಯ ಪ್ರತಿ ಸಾಲನ್ನೂ ಓದಬೇಕು. ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಇದಕ್ಕೆ ವಿಶೇಷ ಕಾರಣವೂ ಇದೆ. ಶರಣಬಸವೇಶ್ವರರ ಮೇಲಿನ ಭಕ್ತಿಯಿಂದ ಒಂದು ತರಗತಿಯ ಹಾಜರಿ ಪುಸ್ತಕದಲ್ಲಿ ಮೂವರು ಶರಣಬಸಪ್ಪಂದಿರು, ಇಬ್ಬರು ಶರಣಪ್ಪಂದಿರು ಇರುತ್ತಾರೆ. ಇಂಗ್ಲಿಷಿನಲ್ಲಿ ಆ ಹೆಸರನ್ನು ಬರೆಯುವ ರೀತಿ ಆಧಾರಿನಲ್ಲೊಂದು, ಪ್ಯಾನಿನಲ್ಲೊಂದು, ಅಂಕಪಟ್ಟಿಯಲ್ಲಿ ಮತ್ತೊಂದು. ಒಬ್ಬನ ಸಾಲ ಇನ್ನೊಬ್ಬನ ವರದಿಯಲ್ಲಿ ಕೂಡಲು ಇಷ್ಟು ಸಾಕು. ತೀರಿಸಿದ ಸಾಲ ತೀರದೇ ಉಳಿದಂತೆ ತೋರಿಸುವುದೂ ಉಂಟು. ತಪ್ಪಿದ್ದರೆ ಬರವಣಿಗೆಯಲ್ಲಿ ದೂರು ಕೊಡಬೇಕು. 30 ದಿನದೊಳಗೆ ಸರಿಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರಲ್ಲಿ ಆದೇಶಿಸಿದೆ. ಸಣ್ಣ ಮೊಬೈಲ್ ಸಾಲದ ಎರಡು ಸಾವಿರ ಬಾಕಿಯೇ ಎಲ್ಲಕ್ಕೂ ಮೂಲವಾಗಿದ್ದರೆ ಮಾಮ ಅದನ್ನು ಕಟ್ಟಿಬಿಡುವುದು ಲೇಸು. ಆದರೆ 'ಅರ್ಧ ಕೊಟ್ಟು ಮುಗಿಸಿಕೊಳ್ಳಿ' ಎಂಬ ಏಜೆಂಟನ ಮಾತಿಗೆ ಒಪ್ಪಬಾರದು. ಅಂಥ ಲೆಕ್ಕ ವರದಿಯಲ್ಲಿ 'ಸೆಟಲ್ಡ್' ಎಂದು ನಮೂದಾಗುತ್ತದೆ, 'ತೀರಿತು' ಎಂದಲ್ಲ.

ಎರಡನೆಯದು, ನನಗೆ ಎಲ್ಲಕ್ಕಿಂತ ಹಿಡಿಸಿದ ದಾರಿ. ನಿಮ್ಮ ಕಾರ್ಡಿನ ಮೇಲೆ ಅವನಿಗೆ 50,000ದ ಮಿತಿ ತೆರೆದಿಡುವ ಬದಲು, ನಿಮ್ಮ ಕೈಲಾದ ಒಂದು ಮೊತ್ತವನ್ನು, 20,000 ಎನ್ನಿ, ಅವನ ಹೆಸರಿನಲ್ಲೇ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡಿಸಿ. ಅನೇಕ ಬ್ಯಾಂಕುಗಳು ಇಂಥ ಠೇವಣಿಯ ಭದ್ರತೆಯ ಮೇಲೆ ಕ್ರೆಡಿಟ್ ಕಾರ್ಡು ಕೊಡುತ್ತವೆ. ಮಿತಿ ಸಾಮಾನ್ಯವಾಗಿ ಠೇವಣಿಯ ನೂರಕ್ಕೆ 80ರಿಂದ 90. ಠೇವಣಿ ಕೈಯಲ್ಲಿರುವುದರಿಂದ ಹಳೆಯ ಅಂಕಕ್ಕೆ ಬ್ಯಾಂಕಿನವರು ಅಷ್ಟು ಮಹತ್ವ ಕೊಡುವುದಿಲ್ಲ. ಠೇವಣಿಗೆ ಬಡ್ಡಿ ಬರುತ್ತಲೇ ಇರುತ್ತದೆ. ತಾಲ್ಲೂಕಿನ ಶಾಖೆಯಲ್ಲಿ ಸಿಗದಿದ್ದರೆ ಕಲಬುರಗಿಯ ಶಾಖೆಯಲ್ಲಿ ಕೇಳಬೇಕು. ಇಲ್ಲಿ ಲೆಕ್ಕ ಅಳಿಯನದೇ, ಆದ್ದರಿಂದ ಅವನು ಪ್ರತಿ ತಿಂಗಳು ಕಟ್ಟಿದ್ದು ಅವನ ವರದಿಯಲ್ಲೇ ಸೇರುತ್ತದೆ. ಸಾವಿರ, ಎರಡು ಸಾವಿರದ ಖರೀದಿ ಮಾಡಿ ಪೂರ್ತಿ ಬಿಲ್ಲನ್ನು ಸಮಯಕ್ಕೆ ಕಟ್ಟುತ್ತ ಹೋದರೆ ಅಂಕ ನಿಧಾನವಾಗಿ ಮೇಲೇಳುತ್ತದೆ. ಕಟ್ಟದಿದ್ದರೆ ಬ್ಯಾಂಕು ಠೇವಣಿಯನ್ನು ಮುರಿದುಕೊಳ್ಳುತ್ತದೆ, ಅವನ ಅಂಕ ಇನ್ನಷ್ಟು ಇಳಿಯುತ್ತದೆ. ನಿಮ್ಮ ಮನೆಗೆ ಫೋನು ಬರುವುದಿಲ್ಲ. ನಿಮಗಾಗುವ ನಷ್ಟ 20,000 ರೂಪಾಯಿ, ಅದಕ್ಕಿಂತ ಒಂದು ಪೈಸೆ ಹೆಚ್ಚಿಲ್ಲ. ಆ ಲೆಕ್ಕ ಮೊದಲ ದಿನವೇ ಗೊತ್ತಿದ್ದು, ಹೋದರೆ ಹೋಯಿತು ಎಂದುಕೊಂಡು ಕೊಡುವುದರಿಂದ ತಂಗಿಯ ಮನೆಗೆ ಹೋಗಿಬರುವುದೂ ನಿಲ್ಲುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಆಡ್-ಆನ್ ಕಾರ್ಡನ್ನೇ ಕೊಡುವವರು ಇದ್ದೇ ಇರುತ್ತಾರೆ. ಊರಲ್ಲಿ ಕಾಲೇಜಿಗೆ ಹೋದ ಮಗಳಿಗೆ, ದವಾಖಾನೆಗೆ ಓಡಾಡುವ ತಂದೆಗೆ ಕೊಡುವುದರಲ್ಲಿ ತಪ್ಪೂ ಇಲ್ಲ. ಅಲ್ಲಿ ಖರ್ಚು ಹೇಗೂ ನಿಮ್ಮದೇ ತಾನೆ. ಕೊಡುವವರು ಅದಕ್ಕೊಂದು ಪ್ರತ್ಯೇಕ ಉಪಮಿತಿ ಹಾಕಿಸಬೇಕು. ಅನೇಕ ಬ್ಯಾಂಕುಗಳಲ್ಲಿ ಈ ಸೌಲಭ್ಯವಿದೆ. ಮನೆಯ ವೈರಿಂಗಿಗೆ ಫ್ಯೂಸು ಇದ್ದಂತೆ ಇದು, ಸುಟ್ಟರೆ ಅದೊಂದೇ ಸುಡುತ್ತದೆ. 2020ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಆನ್‌ಲೈನ್ ಖರೀದಿ, ವಿದೇಶಿ ವ್ಯವಹಾರ, ತಾಗಿಸಿ ಪಾವತಿಸುವ ಸೌಲಭ್ಯ ಇವನ್ನು ಕಾರ್ಡುದಾರ ತಾನೇ ಬಂದ್ ಮಾಡಬಹುದು, ಚಾಲೂ ಮಾಡಬಹುದು, ಮಿತಿಯನ್ನೂ ಬದಲಿಸಬಹುದು. ನಗದು ಎತ್ತುವುದನ್ನಂತೂ ಮೊದಲ ದಿನವೇ ಬಂದ್ ಮಾಡಿಸುವುದು ಒಳ್ಳೆಯದು. ಸಂದೇಶಗಳು ನಿಮ್ಮ ಮೊಬೈಲಿಗೇ ಬರುವಂತೆ ನೋಡಿಕೊಳ್ಳಿ.

ಕಾರ್ಡು ಸಾಕೆನಿಸಿದ ದಿನ ಅಳಿಯನ ಕೈಯಿಂದ ಇಸಿದುಕೊಂಡು ಬೀರುವಿನಲ್ಲಿಟ್ಟರೆ ಆಗಲಿಲ್ಲ. ಕಾರ್ಡಿನ ನಂಬರು ಅವನ ಮೊಬೈಲಿನ ಯಾವ ಅಂಗಡಿಯಲ್ಲಿ ಉಳಿದಿದೆಯೋ ಯಾರು ಕಂಡರು? ಮೊದಲು ಬ್ಯಾಂಕಿಗೆ ತಿಳಿಸಿ ಆ ಆಡ್-ಆನ್ ಕಾರ್ಡನ್ನು ತಡೆಹಿಡಿಸಬೇಕು, ಬಾಕಿ ತೀರಿಸಬೇಕು, ಆಮೇಲೆ ಅದನ್ನು ರದ್ದು ಮಾಡಲು ಬರೆದುಕೊಡಬೇಕು. ಮುಖ್ಯ ಕಾರ್ಡೂ ಬೇಡವಾಗಿ ಇಡೀ ಲೆಕ್ಕವನ್ನೇ ಮುಚ್ಚಲು ಕೇಳಿದರೆ, ಬಾಕಿ ಇಲ್ಲದಿದ್ದಲ್ಲಿ ಬ್ಯಾಂಕು ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಅದೇ ನಿಮಗೆ ಕೊಡಬೇಕು. ಅರ್ಜಿಯ ನಕಲನ್ನೂ ಬ್ಯಾಂಕಿನ ಉತ್ತರವನ್ನೂ ತೆಗೆದಿಡಿ.